ಮಕ್ಕಳನ್ನು ಬಿಟ್ಟು ಬರಬೇಕೆಂದ ತರಬೇತಿ

ವಿಶೇಷ ಮಕ್ಕಳ ಪೋಷಕರಿಗೆ ತರಬೇತಿ ನಡೆಸಿದ ಮಾನ್ಯ ಅಧಿಕಾರಿಗಳೇ,

ಬೆಳವಣಿಗೆಯ ತೊಂದರೆಯಿರುವ ಪುಟ್ಟ ಮಕ್ಕಳನ್ನು ಸಾಕುವವರಿಗೆ ಆಸರೆಯಾಗಲೆಂದು ತಾವು ಚಿತ್ರದುರ್ಗದಲ್ಲಿ ಕರೆದ ತರಬೇತಿಯ ಆಹ್ವಾನದಲ್ಲಿ ‘ಮಕ್ಕಳನ್ನು ಕರೆತರತಕ್ಕದ್ದಲ್ಲ’ ಎಂದು ಅಚ್ಚಾಗಿತ್ತು. ನನ್ನ ದೂರು ಆ ಸಾಲಿನ ಬಗ್ಗೆ. ಯಾರ ಬಳಿ ಬಿಟ್ಟು ಬರಬೇಕೆಂಬುದನ್ನೂ ಅಚ್ಚು ಹಾಕಿಸಿದ್ದರೆ ಜೀವಮಾನವಿಡೀ ತಮಗೆ ಋಣಿಯಾಗಿರುತ್ತಿದ್ದೆ.

ನನ್ನ ಮಗಳು ಅಂಜಲಿಗೆ ಐದು ವರ್ಷ. ಮಾತು ಬಂದಿಲ್ಲ, ಅಪಾಯದ ಅರಿವಿಲ್ಲ. ಎರಡು ಸಲ ಹೆದ್ದಾರಿಗೆ ಓಡಿ ಲಾರಿಯ ಮುಂದೆ ನಿಂತಿದ್ದಾಳೆ. ಅಂದಿನಿಂದ ನಾನು ಸ್ನಾನ ಮಾಡುವಾಗಲೂ ಬಚ್ಚಲಿನೊಳಗೆ ಅವಳಿರುತ್ತಾಳೆ. ಗಂಡ ಜಯಕುಮಾರ್ ಬೆಳಿಗ್ಗೆ ಆರಕ್ಕೇ ಹಿರಿಯೂರಿಗೆ ಕೆಲಸಕ್ಕೆ ಹೊರಡುತ್ತಾರೆ. ಅತ್ತೆ ಕಾಟಮ್ಮನವರ ಮೊಣಕಾಲು ಓಡುವ ಮಗುವಿನ ಹಿಂದೆ ಹೋಗಲಾರದು. ನಾನು ಯಾವ ಮದುವೆಗೂ ಹೋಗದೆ ಮೂರು ವರ್ಷವಾಯಿತು.

ಹಾಗಾಗಿ ಕರೆತಂದೆ. ಬಾಗಿಲಲ್ಲಿದ್ದ ತಮ್ಮ ಸಿಬ್ಬಂದಿ, “ಒಳಗೆ ಗಲಾಟೆ ಆಗ್ತೈತೆ, ಮಗೂನ ಮನೇಲಿ ಬಿಟ್ಟು ಬರ್ರಿ” ಎಂದರು.

“ಬಿಡಂಗಿದ್ದಿದ್ರೆ ತರಬೇತಿ ಯಾಕೆ ಬೇಕಿತ್ತು ಸಾರ್?” ಎಂದೆ. ಅವರು ದಾರಿ ಬಿಡಲಿಲ್ಲ.

ವರಾಂಡದಲ್ಲಿ ಹೊರಕೆರೆದೇವಪುರದ ನಿಂಗಕ್ಕ ಕುಳಿತಿದ್ದರು, ಮಡಿಲಲ್ಲಿ ಕುತ್ತಿಗೆ ನಿಲ್ಲದ ಮಗಳು ಸುಷ್ಮಿತಾ. “ನೀನು ಹೋಗವ್ವ, ಎರಡನ್ನೂ ನಾನು ಹಿಡ್ಕಂತೀನಿ. ಅರ್ಧ ಗಂಟೆ ಬಿಟ್ಟು ನಾನು ಹೋಗ್ತೀನಿ” ಎಂದರು. ಪರಿಚಯವಾಗಿ ಹತ್ತು ನಿಮಿಷವಾಗಿರಲಿಲ್ಲ. ಆದರೂ ಅಂಜಲಿಯ ಕೈಯನ್ನು ಅವರ ಕೈಗಿಟ್ಟು ಒಳಗೆ ಹೋದೆ.

ತಜ್ಞರೊಬ್ಬರು ‘ತಾಯಿ ತನಗಾಗಿಯೂ ಸಮಯ ಮೀಸಲಿಡಬೇಕು’ ಎನ್ನುತ್ತಿದ್ದರು. ಮುಂದೇನು ಹೇಳಿದರೋ ಗೊತ್ತಿಲ್ಲ, ನನಗೆ ನಿದ್ದೆ ಹತ್ತಿತು. ಎಚ್ಚರವಾದಾಗ ಎರಡು ಗಂಟೆ ಕಳೆದು ತರಬೇತಿಯೇ ಮುಗಿದಿತ್ತು. ಹೊರಗೋಡಿದೆ. ನಿಂಗಕ್ಕನ ಒಂದು ತೊಡೆಯ ಮೇಲೆ ಸುಷ್ಮಿತಾ, ಇನ್ನೊಂದರ ಮೇಲೆ ಅಂಜಲಿ. ಅವರ ಮುಂಗೈ ತುಂಬ ನನ್ನ ಮಗಳು ಕಚ್ಚಿದ ಗುರುತು.

“ಎಬ್ಬಿಸಬಾರದಿತ್ತಾ ಅಕ್ಕ?”

“ಕಿಟಕೀಲಿ ನೋಡ್ದೆ. ಏಳ್ಸಾಕೆ ಮನಸು ಬರ್ಲಿಲ್ಲ” ಎಂದರು.

ಮಾನ್ಯರೇ, ಅಂದು ನನಗೆ ಆಸರೆ ಸಿಕ್ಕಿದ್ದು ನಿಜ. ಕೊಟ್ಟವರು ತಾವಲ್ಲ. ತಮ್ಮ ಹಾಜರಿ ಪುಸ್ತಕದಲ್ಲಿ ನಿದ್ದೆ ಮಾಡಿದವಳ ಸಹಿ ಇದೆ, ಮಕ್ಕಳನ್ನು ಹಿಡಿದು ಕುಳಿತವರದಿಲ್ಲ. ಇದನ್ನು ಯಾವ ವರದಿಯಲ್ಲಿ ಯಶಸ್ಸೆಂದು ಬರೆದಿರಿ? ಭಾಷಣಕಾರರನ್ನು ಕರೆಸದಿದ್ದರೂ ಚಿಂತೆಯಿಲ್ಲ. ಪ್ರತಿ ತಾಲ್ಲೂಕಿನಲ್ಲೂ ವಾರಕ್ಕೆ ಅರ್ಧ ದಿನ ಈ ಮಕ್ಕಳನ್ನು ನೋಡಿಕೊಳ್ಳಲು ಒಂದು ಕೋಣೆ, ಕೆಲಸ ಬಲ್ಲ ಇಬ್ಬರು ಆಯಾಗಳನ್ನು ಕೊಡಿ. ನಿಂಗಕ್ಕನ ತಾಲ್ಲೂಕು ಹೊಳಲ್ಕೆರೆಯಿಂದಲೇ ಆರಂಭಿಸಿ. ಮೊದಲ ಬಿಡುವು ಅವರದಾಗಲಿ.

ಇಂತಿ,
ಮನೆಗೆ ಒಳಗಿನಿಂದ ಬೀಗ ಹಾಕಿಕೊಂಡು ಇದನ್ನು ಬರೆದ
ಸುಮಿತ್ರಾ, ಆದಿವಾಲ