ಕಪಿಲನ ನೆಪ

ಅನಗೋಳ, ಬೆಳಗಾವಿ
೧೧-೧-೧೯೮೫, ಶುಕ್ರವಾರ

ನನ್ನವರಿಗೆ ಶಿವಲಿಂಗವ್ವನ ಶರಣು.

ಆರೋಗ್ಯ ಹೇಗಿದೆ? ಖಾನಾಪುರದ ಚಳಿ ನಮ್ಮೂರಿಗಿಂತ ಒಂದು ಕೈ ಹೆಚ್ಚು, ಅದರ ಮೇಲೆ ಹಂಚಿನ ಕಾರಖಾನೆಯ ಧೂಳು ಬೇರೆ. ನಿಮ್ಮ ಸೀನು ಅಲ್ಲಿಯವರಿಗೆಲ್ಲ ಇಷ್ಟೊತ್ತಿಗೆ ಪರಿಚಯವಾಗಿರಬೇಕು. ಮಫ್ಲರ್ ಇಲ್ಲೇ ಗೂಟಕ್ಕೆ ಜೋತುಬಿದ್ದಿದೆ. ಸಿಟ್ಟಾಗಿ ಹೋಗುವವರು ಮಫ್ಲರ್ ಬಿಟ್ಟೇ ಹೋಗಬೇಕೆಂದು ಯಾವ ಶಾಸ್ತ್ರದಲ್ಲಿದೆಯೋ ನಾನರಿಯೆ. ನಿಮ್ಮ ಸೋದರಮಾವ ಗುರುಪುತ್ರಪ್ಪನವರಿಗೆ ನನ್ನ ಶರಣು ಹೇಳಿ. ಇಲ್ಲಿ ಅತ್ತೆ, ಮಾವ ಇಬ್ಬರೂ ಗಟ್ಟಿಯಾಗಿದ್ದಾರೆ. ಮಾವನವರ ನಾಲಿಗೆ ಇನ್ನೂ ಗಟ್ಟಿ.

ಗಲ್ಲಿಯ ಸುದ್ದಿ ಎಂದರೆ ಕಪಿಲ್ ದೇವನದೊಂದೇ. ದಿಲ್ಲಿ ಟೆಸ್ಟಿನಲ್ಲಿ ಅವನು ಒಂದು ಸಿಕ್ಸರ್ ಹೊಡೆದು, ಇನ್ನೊಂದಕ್ಕೆ ಕೈಯೆತ್ತಿ ಔಟಾದದ್ದು, ನಾವು ಸೋತದ್ದು, ಕಲಕತ್ತೆಯ ಟೆಸ್ಟಿಗೆ ಅವನನ್ನು ಹೊರಗಿಟ್ಟದ್ದು ನಿಮಗೆ ಹೇಳಬೇಕಿಲ್ಲ. ಅದನ್ನು ಓದಿಯೇ ಅಲ್ಲವೇ ಮಾವನವರಿಗೂ ಉಮೇದು ಬಂದದ್ದು? ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ನಮ್ಮ ಗಲ್ಲಿ ಟೀಮಿಗೆ ಬೇಕಿದ್ದುದು ಐದೇ ರನ್. ಅವರು ಗೆರೆಯಾಚೆ ನಿಂತು ಒಂದೊಂದೇ ತೆಗೆ ಎಂದು ಗಂಟಲು ಹರಿದುಕೊಂಡರು. ನೀವು ಎತ್ತಿ ಹೊಡೆದಿರಿ, ಕ್ಯಾಚ್ ಹೋಯಿತು, ಪಂದ್ಯವೂ ಹೋಯಿತು. ಟೀಮು ಆರಿಸುವವರು ಅವರೇ, ಮುಂದಿನ ಪಂದ್ಯಕ್ಕೆ ನಿಮ್ಮನ್ನು ಬಿಟ್ಟರು. ಬಿಟ್ಟದ್ದಕ್ಕಿಂತ ಎಲ್ಲರೆದುರು ಅಂದ ಮಾತು ನಿಮಗೆ ಚುಚ್ಚಿತೆಂದು ನನಗೆ ಗೊತ್ತು. "ಕಪಿಲನ್ನ ಬಿಟ್ಟಾರ, ನೀ ಯಾವ ಗಿಡದ ತಪ್ಪಲ?" ಎಂದರು. ಅವತ್ತು ಸಂಜೆಯ ಬಸ್ಸಿಗೇ ನೀವು ಹೊರಟುಬಿಟ್ಟಿರಿ.

ಅಂದಿನಿಂದ ನಮ್ಮ ಕಟ್ಟೆಗೆ ಪುರುಸೊತ್ತಿಲ್ಲ. ಮಾವನವರ ಎದುರು ನಿಮ್ಮ ಹೆಸರೆತ್ತಲು ಯಾರಿಗೂ ಧೈರ್ಯವಿಲ್ಲ. ಹಾಗಾಗಿ ಎಲ್ಲರೂ ಕಪಿಲನ ಹೆಸರಿನಲ್ಲಿ ನಿಮ್ಮ ಮಾತನ್ನೇ ಆಡುತ್ತಾರೆ. ಹಿಟ್ಟಿನ ಗಿರಣಿಯ ತಮ್ಮಣ್ಣನವರು, ಕಪ್ ಗೆದ್ದುಕೊಟ್ಟವನನ್ನು ಒಂದು ಹೊಡೆತಕ್ಕಾಗಿ ಹೊರಗಿಡುವುದು ಯಾವ ನ್ಯಾಯ ಎಂದು ಕೇಳುತ್ತಾರೆ. ಹಿರಿಯರ ಮಾತು ಕೇಳದವನು ಕಪ್ ಗೆದ್ದರೇನು, ಕಪ್ಪೆ ಹಿಡಿದರೇನು ಎಂದು ಮಾವನವರು ಉತ್ತರಿಸುತ್ತಾರೆ. ಕಲಕತ್ತೆಯಲ್ಲಿ ಹೊಸ ಹುಡುಗ ನೂರು ಹೊಡೆದ ದಿನ, ಯಾರಿಲ್ಲದಿದ್ದರೂ ಆಟ ನಿಲ್ಲುವುದಿಲ್ಲ ಎಂದು ಗಲ್ಲಿಗೆಲ್ಲ ಕೇಳುವಂತೆ ಹೇಳಿದರು. ಆದರೆ ನಿಮ್ಮ ಜಾಗದಲ್ಲಿ ಇಳಿದ ಅವಧೂತ ಮೊದಲ ಚೆಂಡಿಗೇ ಔಟಾಗಿ ಬಂದ ದಿನ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಅತ್ತೆಯವರಿಗೆ ಬ್ಯಾಟು ಯಾವುದು, ಸ್ಟಂಪು ಯಾವುದು ಎಂದು ತಿಳಿಯದು. ಆದರೂ ಮೊನ್ನೆ ಪೇಪರ್ ಓದುತ್ತಿದ್ದವರ ಎದುರು ನಿಂತು, "ಆ ಹುಡುಗನ ಅವ್ವ ಏನ ಅಂತಾಳ್ರಿ? ಅದನ್ನ ಬರದಿಲ್ಲೇನು ಪೇಪರಿನ್ಯಾಗ?" ಎಂದು ಕೇಳಿದರು. ಮಾವನವರು ಪೇಪರ್ ಮಡಚಿಟ್ಟು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ನಾನು ಒಳಗೆ ಹಿಟ್ಟು ನಾದುತ್ತಿದ್ದೆ, ಕಣ್ಣಿಗೆ ನೀರು ಬಂತು.

ಈಗ ಮದ್ರಾಸ್ ಟೆಸ್ಟಿಗೆ ಕಪಿಲನನ್ನು ಮತ್ತೆ ಕರೆದಿದ್ದಾರೆ. ತಮ್ಮಣ್ಣನವರಿಗೆ ಅಷ್ಟೇ ಸಾಕಾಗಿತ್ತು. ಅಲ್ಲಿ ಕರೆದಾಯಿತು, ಇಲ್ಲಿ ಯಾವಾಗ ಎಂದು ನೆಟ್ಟಗೆ ಕೇಳಿಯೇಬಿಟ್ಟರು. ಮಾವನವರು, "ಆಂವಾ ತಪ್ಪಾತು ಅಂದಿರಬೇಕು, ಅದಕ್ಕ ಕರದಾರ" ಎಂದರು. ಪೇಪರಿನಲ್ಲಿ ಹಾಗೇನೂ ಇರಲಿಲ್ಲ, ನಾನೂ ಓದಿದ್ದೇನೆ.

ಇನ್ನು ನನ್ನ ಮಾತು. ಖಾನಾಪುರದ ಕಚೇರಿಗೆ ದಿನಾ ಹೋಗಿಬರುವ ನಮ್ಮ ಬಾಜೂಮನೆಯ ದಿಗಂಬರ ಒಂದು ಸುದ್ದಿ ತಂದಿದ್ದಾನೆ. ಸಂಕ್ರಾಂತಿಯ ದಿನ ನಮ್ಮ ಗಲ್ಲಿಯ ವಿರುದ್ಧ ಆಡಲು ಅಲ್ಲಿಯ ಟೀಮಿನವರು ನಿಮ್ಮನ್ನು ಕರೆದಿದ್ದಾರಂತೆ, ನೀವು ಹ್ಞೂಂ ಎಂದೂ ಇಲ್ಲ, ಊಹೂಂ ಎಂದೂ ಇಲ್ಲವಂತೆ. ದಯವಿಟ್ಟು ಆಡಬೇಡಿ. ಆಡಿದಿರೋ, ಮಾವನವರು ಜನ್ಮದಲ್ಲಿ ಬಾ ಎನ್ನುವುದಿಲ್ಲ, ಕರೆಯದೆ ನೀವೂ ಬರುವವರಲ್ಲ. ಕೋಣ ಕೋಣ ಕಾದಾಡಿ ಗಿಡಕ್ಕೆ ಮೃತ್ಯು ಎನ್ನುತ್ತಾರೆ. ಗಾದೆ ನನ್ನದಲ್ಲ, ನನ್ನ ಮೇಲೆ ಸಿಟ್ಟಾಗಬೇಡಿ. ಆ ಹೊಡೆತ ನಿಮ್ಮ ತಪ್ಪೇ, ಎಲ್ಲರೆದುರು ಅಂದದ್ದು ಅವರ ತಪ್ಪೇ. ನೀವು ಕಪಿಲನೂ ಅಲ್ಲ, ಅವರು ಬೋರ್ಡಿನವರೂ ಅಲ್ಲ, ಒಂದೇ ತಾಟಿನಲ್ಲಿ ಉಂಡ ತಂದೆ ಮಗ. ನೀವಿಲ್ಲದೆ ನನಗೆ ಈ ಮನೆಯಲ್ಲಿ ಹೊತ್ತೇ ಹೋಗುವುದಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ಅತ್ತೆಯವರು ಚೆನ್ನಾಗಿ ಉಣ್ಣಬೇಕೆಂದು ಹೇಳಿದ್ದಾರೆ. ಅವರ ಆಶೀರ್ವಾದ ನಿಮ್ಮ ತಲೆಯ ಮೇಲಿರಲಿ.

ನಿಮ್ಮ ದಾರಿ ನೋಡುತ್ತಿರುವ,
ಶಿವಲಿಂಗವ್ವ

ತಾ.ಕ.: ಪತ್ರ ಮಡಚುವಾಗ ತಿಳಿಯಿತು, ಅದಕ್ಕೇ ಅಂಚೆಗೆ ಹಾಕದೆ, ಈಗ ಕಚೇರಿಗೆ ಹೊರಟಿರುವ ದಿಗಂಬರನ ಕೈಗೆ ಕೊಡುತ್ತಿದ್ದೇನೆ. ನಾಳೆ ಬೆಳಗಿನ ಬಸ್ಸಿಗೆ ಮಾವನವರು ಅಲ್ಲಿಗೆ ಬರುತ್ತಿದ್ದಾರೆ. ಹಂಚು ನೋಡಿಬರಲು ಎನ್ನುತ್ತಾರೆ. ನಮ್ಮ ಮನೆಗೆ ಹಂಚು ತೆಗೆದು ಸ್ಲ್ಯಾಬ್ ಹಾಕಿಸಿ ಎಷ್ಟು ಕಾಲವಾಯಿತು! ಅವರು ನಿಮ್ಮ ವಿಷಯ ಎತ್ತುವುದಿಲ್ಲ, ಕಪಿಲನ ಮಾತೇ ತೆಗೆಯುತ್ತಾರೆ. ಆಗ ನೀವು, ಕಪಿಲ್ ಹಾಗೆ ಹೊಡೆಯಬಾರದಿತ್ತು ಎಂದು ಒಂದು ಮಾತು ಅಂದುಬಿಡಿ. ಅವನನ್ನು ಟೀಮಿನಿಂದ ಬಿಡಬಾರದಿತ್ತು ಎನ್ನುವುದು ಅವರ ತುಟಿಯವರೆಗೆ ಬಂದು ನಿಂತಿದೆ. ಹಂಚು ನೋಡಲು ಹೊರಟವರ ಚೀಲದಲ್ಲಿ ನಿಮ್ಮ ಬ್ಯಾಟಿದೆ, ಅಗಸೆ ಎಣ್ಣೆ ಹಚ್ಚಿ ಒರೆಸಿಟ್ಟಿದ್ದಾರೆ. ನಾನು ಹೇಳಿದೆನೆಂದು ತೋರಿಸಿಕೊಳ್ಳದೆ, ಸಂಜೆ ಅವರ ಜೊತೆಗೇ ಬನ್ನಿ.