ಮಾವಿನ ಪೆಟ್ಟಿಗೆಯ ಮೇಲಿನ ಇಂಗ್ಲಿಷು

ಯಲ್ದೂರು
೪ ಮೇ ೨೦೨೫, ಭಾನುವಾರ

ಪ್ರೀತಿಯ ಪವಿತ್ರಾ,

ಹೇಗಿದ್ದೀಯಮ್ಮಾ? ಸೊಂಟ ನೋವು ಕಡಿಮೆಯಾಯಿತೇ? ಮಾಲೂರಿನ ಸೆಕೆಯಲ್ಲಿ ಕಿವಿಗೆ ಬಟ್ಟೆ ಕಟ್ಟಿಕೊಳ್ಳುವುದು ಹಿಂಸೆ, ನನಗೂ ಗೊತ್ತು. ಆದರೂ ಬಾಣಂತನ ಮುಗಿಯುವವರೆಗೆ ನಿಮ್ಮಮ್ಮ ಹೇಳಿದಂತೆ ಕೇಳು. ಮಗು ಸರಿಯಾಗಿ ನಿದ್ದೆ ಮಾಡುತ್ತಾಳೆಯೇ? ವಿಡಿಯೋದಲ್ಲಿ ನೋಡಿದರೆ ಮೂಗು ನಮ್ಮ ಶಂಕರನದೇ. ಹಟ ಮಾತ್ರ ನಿನ್ನದು. ಫೋನು ಇರುವಾಗ ಅತ್ತೆಗೆ ಕಾಗದ ಬರೆಯುವ ಹುಚ್ಚು ಯಾಕೆ ಎಂದು ನಗಬೇಡ. ಫೋನಿನಲ್ಲಿ ಆ ಕಡೆ ನಿಮ್ಮಮ್ಮ, ಈ ಕಡೆ ನಿಮ್ಮ ಮಾವ, ನಡುವೆ ನಾನು ಏನು ಮಾತಾಡಲಿ? ಶಂಕರ ಈಗ ನಿನಗೆ ತುಪ್ಪ, ಕೊಬ್ಬರಿ ತರುತ್ತಿದ್ದಾನೆ, ಅದರ ಜೊತೆ ಇದನ್ನೂ ಕಳಿಸುತ್ತಿದ್ದೇನೆ.

ನೀನು ಹೆರಿಗೆಗೆ ಹೋದ ಮೇಲೆ ಟ್ಯೂಷನ್ ಮಕ್ಕಳು ಬರುವುದಿಲ್ಲ ಎಂದುಕೊಂಡಿದ್ದೆ. ಎಲ್ಲಿ, ಸಂಜೆಯಾದರೆ ಜಗಲಿ ತುಂಬುತ್ತದೆ. ನೀನು ರಟ್ಟಿನಲ್ಲಿ ಕತ್ತರಿಸಿಟ್ಟ ಇಂಗ್ಲಿಷ್ ಅಕ್ಷರಗಳನ್ನು ಹರಡಿಕೊಂಡು, ಒಂದು ಪದವನ್ನು ಕಲಸಿ ಇನ್ನೊಂದು ಪದ ಮಾಡುವ ನಿನ್ನ ಆಟವನ್ನು ಅವರೇ ಆಡಿಕೊಳ್ಳುತ್ತಿದ್ದರು. ಮೊನ್ನೆ ನಾಯಿಮರಿ ಆ ರಟ್ಟನ್ನೆಲ್ಲ ಕಚ್ಚಿ ಹಾಕಿತು. ಮಕ್ಕಳು ಸುಮ್ಮನಿರಬೇಕಲ್ಲ, ಪೆಟ್ಟಿಗೆಗೆ ಹೆಸರು ಹೊಡೆಯುವ ನಿಮ್ಮ ಮಾವನ ತಗಡಿನ ಅಚ್ಚು ಹುಡುಕಿ ತೆಗೆದು, ಮಂಡಿಗೆ ಮಾವು ತುಂಬಿ ಕಳಿಸಲು ಇಟ್ಟಿದ್ದ ಖಾಲಿ ಪೆಟ್ಟಿಗೆಗಳ ಮೇಲೆ ಒಂದೊಂದು ಅಕ್ಷರ ಬಳಿದು ಅಂಗಳದ ತುಂಬ ಜೋಡಿಸಿಬಿಟ್ಟಿದ್ದರು. ನಿಮ್ಮ ಮಾವ ತೋಟದಿಂದ ಬಂದವರೇ, "ಏಮಿರಾ ಇದಿ? ಮಂಡೀಲಿ ನಮ್ಮ ಪೆಟ್ಟಿಗೆ ಯಾವುದು ಅಂತ ಹೆಂಗೆ ಗುರುತು ಹಿಡೀಲಿ?" ಎಂದು ತೆಲುಗು, ಕನ್ನಡ ಎರಡರಲ್ಲೂ ಕೂಗಾಡಿದರು. ನಾನು ಒಳಗೇ ಉಳಿದೆ. ನಿನ್ನ ಟ್ಯೂಷನ್ನಿನ ಆ ತ್ರಿವೇಣಿ ಮಾತ್ರ ಹೆದರಲಿಲ್ಲ. ಮೂರು ಪೆಟ್ಟಿಗೆ ಎಳೆದು, "ತಾತಾ, ಇದು ಈಟ್, ತಿನ್ನು ಅಂತ. ಮೊದಲ್ನೇ ಪೆಟ್ಟಿಗೆ ಕೊನೇಗಿಟ್ರೆ ಏಟ್, ತಿಂದಾಯ್ತು. ಇನ್ನೊಂದ್ಸಲ ಹಂಗೇ ಮಾಡಿದ್ರೆ ಟೀ," ಎಂದಳು. ನಿಮ್ಮ ಮಾವನ ಕೋಪ ಅಲ್ಲಿಗೇ ಇಳಿಯಿತು. ಮಾರನೆಯ ದಿನ ಮ್ಯಾಂಗೋ ಎಂದು ಜೋಡಿಸಿದ್ದ ಪೆಟ್ಟಿಗೆಗಳನ್ನು ಅವರೇ ಅತ್ತಿತ್ತ ಇಟ್ಟು ಏನೋ ಮಾಡಿದರು. ಅದು ಅಮಂಗ್, ಅಂದರೆ ನಡುವೆ ಎಂಬ ಪದವಂತೆ. ಮೀಸೆ ತಿರುವಿದ್ದೇ ತಿರುವಿದ್ದು.

ಆದರೆ ಆಟ ಎಷ್ಟು ದಿನ ನಡೆದೀತು? ಗೋ ಎನ್ನುವುದು ನಿನ್ನೆಯ ಮಾತಾದರೆ ಯಾಕೆ ವೆಂಟ್ ಆಗುತ್ತದೆ ಎಂದು ತ್ರಿವೇಣಿ ಕೇಳಿದಳು. ಅದನ್ನು ಹೇಳಿಕೊಡುವಷ್ಟು ಇಂಗ್ಲಿಷು ನನಗೂ ಬರದು, ನಿಮ್ಮ ಮಾವನಿಗೂ ಬರದು. ನಿನಗೆ ಕೆಲಸ ಕೊಡುತ್ತೇವೆ ಎಂದ ಶ್ರೀನಿವಾಸಪುರದ ಶಾಲೆಯಲ್ಲೇ ಅವಳು ಓದುವುದು. ಹೋದ ವರ್ಷವಿಡೀ ಅಲ್ಲಿ ಇಂಗ್ಲಿಷಿಗೆ ಯಾರೂ ಇರಲಿಲ್ಲ, ಈ ಸಲ ಅವಳಿಗೆ ಹತ್ತನೇ ತರಗತಿ. "ಮಿಸ್ಸು ಬರ್ದೇ ಇದ್ರೆ ನಾನು ಫೇಲೇ ಅಜ್ಜಿ," ಎಂದು ಅತ್ತುಬಿಟ್ಟಳು. ನಿಮ್ಮ ಮಾವ ಅಲ್ಲೇ ಕೂತಿದ್ದರು. ನಿನ್ನ ಸೀಮಂತದ ದಿನ ಅವರು, "ಹಾಲುಗೂಸು ಮನೇಲಿರ್ವಾಗ ಕೆಲ್ಸ ಎಂಥದ್ದು, ಬೇಡ ಅನ್ನು," ಎಂದಿದ್ದು ನೆನಪಿದೆಯಲ್ಲ. ನೀನು ತಟ್ಟೆ ತೆಗೆದುಕೊಂಡು ಒಳಗೆ ಹೋದೆ. ಆ ಮುಖ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಬೀಗರಿಗೂ ಬೀಗಿತ್ತಿಗೂ ನಮಸ್ಕಾರ ಹೇಳು. ಮಗುವಿಗೆ ಅಜ್ಜಿಯ ಮುತ್ತು. ಕುರುಡುಮಲೆ ಗಣಪ ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ ಅತ್ತೆ,
ಗಂಗರತ್ನಮ್ಮ

ಮತ್ತೆ: ಹೇಳಬೇಕಾದ್ದನ್ನೇ ಬಿಟ್ಟೆ, ಶಂಕರ ಗಾಡಿ ಸ್ಟಾರ್ಟ್ ಮಾಡಿಕೊಂಡು ನಿಂತಿದ್ದಾನೆ. ನಿನ್ನೆ ನಿಮ್ಮ ಮಾವ ಶಾಲೆಗೆ ಹೋಗಿ, "ನಮ್ಮ ಸೊಸೆ ಜೂನಿಗೆ ಬರ್ತಾಳೆ," ಎಂದು ಹೇಳಿ ಬಂದಿದ್ದಾರೆ. ನಿನ್ನನ್ನು ಕರೆತರಲು ಬಂದಾಗ ತಾವೇ ಹೇಳಬೇಕಂತೆ, ನಾನು ಬಾಯಿ ಬಿಡಬಾರದಂತೆ. ಅಂದು ಬೇಡ ಎಂದವರೂ ಅವರೇ, ಈಗ ಹೂಂ ಎಂದವರೂ ಅವರೇ. ನಿನ್ನನ್ನು ಮಾತ್ರ ಯಾರೂ ಕೇಳಿಲ್ಲ, ಅದಕ್ಕೇ ನಾನು ಕೇಳುತ್ತಿದ್ದೇನೆ. ನಿನಗೆ ಹೋಗುವ ಮನಸ್ಸಿದೆಯೇ? ಇದ್ದರೆ ಮಧ್ಯಾಹ್ನ ಹಾಲು ಕುಡಿಸಲು ಮಗುವನ್ನು ಎತ್ತಿಕೊಂಡು ನಾನೇ ಶಾಲೆಗೆ ಬರುತ್ತೇನೆ. ಬಸ್ಸು ಹೇಗೂ ಹೆಂಗಸರಿಗೆ ಫ್ರೀ. ಇಲ್ಲ, ಇನ್ನಷ್ಟು ದಿನ ಮಗುವಿನ ಜೊತೆಗೇ ಇರಬೇಕು ಅನ್ನಿಸಿದರೆ ಅದನ್ನೂ ಬರೆ. ಶಾಲೆಯವರಿಗೂ ನಿಮ್ಮ ಮಾವನಿಗೂ ನಾನೇ ಹೇಳುತ್ತೇನೆ.