ನಾಲ್ಕು ಹತ್ತಕ್ಕೆ ಇಳಿಯುವ ವಿಮಾನ

ಭಾನುವಾರ, ಫೆಬ್ರವರಿ 9

ಪ್ರೀತಿಯ ಅಕ್ಕನಿಗೆ,

ನಿನ್ನ ಮೊದ್ದು ತಮ್ಮನ ನಮಸ್ಕಾರ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ತಡವಾಯಿತೆಂದು ಬೈಯಬೇಡ. ಇಪ್ಪತ್ತೆರಡು ಸೆಟ್ ಹಲ್ಲಿನ ಕೆಲಸ ಒಟ್ಟಿಗೇ ಬಂದು ಕೂತಿತ್ತು. ಇಲ್ಲಿನ ಮುದುಕರೆಲ್ಲ ಮಾತಾಡಿಕೊಂಡು ಒಂದೇ ತಿಂಗಳಲ್ಲಿ ಬೊಚ್ಚುಬಾಯಾದರೇನೋ! ಎಷ್ಟು ಕೈ ತೊಳೆದರೂ ಉಗುರಿನ ಸಂದಿಯಲ್ಲಿ ಅಚ್ಚಿನ ಪ್ಲಾಸ್ಟರ್ ಉಳಿಯುತ್ತದೆ. ಈ ಹಾಳೆಯ ಅಂಚಿನಲ್ಲಿ ಬಿಳಿ ಕಂಡರೆ ಅದೇ.

ಫೋನಿಗೆ ಕಳಿಸಿದರೆ ಚಿತ್ರ ಹೆಬ್ಬೆರಳಿನಷ್ಟು ಕಾಣುತ್ತದೆ ಎಂದು ನೀನು ಗೊಣಗಿದ್ದೆಯಲ್ಲ, ಅದಕ್ಕೆ ಈ ಸಲವೂ ಪ್ರಿಂಟ್ ಹಾಕಿಸಿದ್ದೇನೆ. ಸ್ಟುಡಿಯೋದವನು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಇದರಲ್ಲಿ ನೀವೇ ಹೋಗಿದ್ರಾ ಸಾರ್ ಎಂದು ಕೇಳಿದ. ಇದು ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ, ಇವು ಆಟದ ನಡುವೆ ತೆಗೆದ ಸ್ಕ್ರೀನ್‌ಶಾಟ್ ಎಂದು ಹೇಳಬೇಕಿತ್ತು. ನಾನು ‘ಹೂಂ’ ಅಂದುಬಿಟ್ಟೆ. ಈಗ ಆ ಬೀದಿಯಲ್ಲಿ ಓಡಾಡಲು ಸಂಕೋಚ.

ವಿಮಾನ ಅದೇ, ನಿನಗೆ ಗೊತ್ತಿರುವ ಚೂಪು ಮೂಗಿನದು. ಶಬ್ದದ ಎರಡರಷ್ಟು ವೇಗದಲ್ಲಿ ಜನರನ್ನು ಕೂರಿಸಿಕೊಂಡು ಹೋಗುತ್ತಿತ್ತು. ಈಗ ನಿಜವಾದ ಆಕಾಶದಲ್ಲಿ ಅದಿಲ್ಲ, ಭಾನುವಾರದ ಮಧ್ಯಾಹ್ನ ನನ್ನ ಮೇಜಿನ ಮೇಲೆ ಮಾತ್ರ ಹಾರುತ್ತದೆ. ನಿನ್ನ ನಾದಿನಿ ಊಟ ಮಾಡಿ ಒಂದು ನಿದ್ದೆ ತೆಗೆಯುತ್ತಾಳೆ, ನಾನು ಬಾಗಿಲು ಮುಂದೆ ಮಾಡಿಕೊಂಡು ಸಮುದ್ರ ದಾಟುತ್ತೇನೆ.

ನೀಲಿಯೂ ಅಲ್ಲದ ಕಪ್ಪೂ ಅಲ್ಲದ ಆಕಾಶವಿರುವ ಚಿತ್ರವನ್ನು ಮೊದಲು ನೋಡು. ಅಷ್ಟು ಎತ್ತರದಲ್ಲಿ ಮೋಡಗಳೆಲ್ಲ ಕೆಳಗೆ, ನೆಲದ ಮೇಲೆ ಹರವಿದ ಹತ್ತಿಯ ಹಾಗೆ. ಭೂಮಿಯ ಅಂಚು ಸ್ವಲ್ಪ ಬಾಗಿರುವುದು ಕಾಣುತ್ತದಾ? ಅಲ್ಲಿ ಕಿಟಕಿಯ ಗಾಜು ಮುಟ್ಟಿದರೆ ಬೆಚ್ಚಗಿರುತ್ತಿತ್ತಂತೆ. ಕಾವಿಗೆ ವಿಮಾನದ ಮೈ ಒಂದು ಗೇಣು ಉದ್ದವಾಗಿ, ಇಳಿದ ಮೇಲೆ ಮತ್ತೆ ಮೊದಲಿನಷ್ಟಾಗುತ್ತಿತ್ತಂತೆ. ಇದನ್ನು ಓದಿದ ದಿನವೆಲ್ಲ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಮೇಲಿನ ದವಡೆಗೆ ಕೆಳಗಿನ ಹಲ್ಲು ಕೂರಿಸಿಬಿಟ್ಟಿದ್ದೆ.

ಸೂರ್ಯನ ಚಿತ್ರ ಬೇರೆ ಪ್ರಯಾಣದ್ದು. ನಾನು ಹೊರಟಾಗ ಅವನು ಮುಳುಗಿಯಾಗಿತ್ತು. ಪಶ್ಚಿಮಕ್ಕೆ ತಿರುಗಿಸಿ ವೇಗ ಹೆಚ್ಚಿಸುತ್ತ ಹೋದೆ. ಸ್ವಲ್ಪ ಹೊತ್ತಿಗೆ ಮುಳುಗಿದ ಜಾಗದಲ್ಲೇ ಕೆಂಪು ಕಂಡಿತು, ಆಮೇಲೆ ಒಂದು ಚೂರು, ಆಮೇಲೆ ಇಡೀ ಸೂರ್ಯ. ಪಶ್ಚಿಮದಲ್ಲಿ ಹುಟ್ಟಿದ ಅಕ್ಕಾ! ಮುಗಿದುಹೋದ ದಿನ ಮತ್ತೆ ಕೈಗೆ ಸಿಕ್ಕಿತು. ಪರದೆಯ ಮುಂದೆ ಬಾಯಿ ತೆರೆದು ಕೂತಿದ್ದೆ, ಚಿತ್ರ ತೆಗೆಯುವ ಬಟನ್ ಒತ್ತಬೇಕೆಂದು ನೆನಪಾದದ್ದೇ ಆಮೇಲೆ.

ಇಂಟರ್ನೆಟ್ಟಿನಲ್ಲಿ ಇಂಥ ಹುಚ್ಚರದೇ ಒಂದು ಗುಂಪಿದೆ, ಎಲ್ಲರೂ ಅಲ್ಲಿ ಚಿತ್ರ ಹಂಚಿಕೊಳ್ಳುತ್ತೇವೆ. ನಿಜವಾಗಿ ವಿಮಾನ ಓಡಿಸಿ ನಿವೃತ್ತರಾದ ಒಬ್ಬರಿದ್ದಾರೆ, ಅವರಿಗೆ ನಾವಿಟ್ಟ ಹೆಸರು ಕ್ಯಾಪ್ಟನ್ ತಾತ. ನಾನು ಸದಾ ನಮ್ಮೂರಿನ ಪುಟ್ಟ ನಿಲ್ದಾಣದಲ್ಲೇ ಇಳಿಯುವುದು ನೋಡಿ ಅವರಿಗೆ ತಲೆಬಿಸಿ. ಅಷ್ಟು ಚಿಕ್ಕ ರನ್‌ವೇಯಲ್ಲಿ ಇದನ್ನು ಇಳಿಸಿದರೆ ಮುಂದಿನ ಚಕ್ರ ಯಾರದೋ ಅಡುಗೆಮನೆಗೇ ಹೋಗುತ್ತದೆ ಎಂದು ಬರೆದರು. ಹನ್ನೊಂದು ಸಲ ಹೊಲದೊಳಗೆ ನುಗ್ಗಿದ್ದೇನೆ ಎಂದು ಅವರಿಗೆ ಹೇಳಿಲ್ಲ. ಹನ್ನೆರಡನೆಯ ಸಲದ್ದು ನಿನಗೆ ಕಳಿಸಿದ್ದೇನೆ. ಇಳಿಯುವಾಗ ಅದು ಮೂಗು ಬಗ್ಗಿಸುತ್ತದೆ ನೋಡು, ಪೈಲಟ್‌ಗೆ ನೆಲ ಕಾಣಲಿ ಎಂದು.

ನೀನೋ, ಹಿಂದೆ ಕಳಿಸಿದ ಚಿತ್ರಗಳಲ್ಲಿ ಇಷ್ಟೆಲ್ಲ ಬಿಟ್ಟು ಪರದೆಯ ಮೂಲೆಯ ಗಡಿಯಾರ ನೋಡಿದ್ದೀಯ. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಟೈಂಕೀಪರ್ ಆಗಿದ್ದವಳ ಕಣ್ಣು ಇನ್ನೆಲ್ಲಿಗೆ ಹೋಗಬೇಕು! ನಮ್ಮೂರಲ್ಲಿ ಇಳಿಯುವ ಚಿತ್ರಗಳಲ್ಲೆಲ್ಲ ನಾಲ್ಕು ಹತ್ತೇ ಏಕಿದೆ ಎಂದು ಕೇಳಿದ್ದೀಯ. ಆ ಹೊತ್ತಿಗೆ ಬಿಸಿಲು ಓರೆಯಾಗಿ ಬೀಳುತ್ತದೆ, ರೆಕ್ಕೆಯ ಬಣ್ಣ ಚೆನ್ನಾಗಿ ಬರುತ್ತದೆ. ಅಷ್ಟೇ.

ಚಿಕ್ಕಮ್ಮನ ಸುದ್ದಿ ಓದಿ ಬೇಜಾರಾಯಿತು. ಈ ಸಲ ಆಸ್ಪತ್ರೆಯವರೂ ಭರವಸೆ ಕೊಟ್ಟಿಲ್ಲ, ನಿನ್ನನ್ನು ನೋಡಬೇಕೆಂದು ಎರಡು ಸಲ ಹೇಳಿಕಳಿಸಿದ್ದಾಳೆ ಎಂದು ಬರೆದಿದ್ದೀಯ. ಆದರೂ ನನ್ನ ಮೇಲೆ ಆಡಿದ ಮಾತನ್ನು ಅವಳು ವಾಪಸ್ ತೆಗೆದುಕೊಳ್ಳುವವರೆಗೆ ಅವಳ ಮುಖ ನೋಡುವುದಿಲ್ಲ ಎಂದು ಪಟ್ಟು ಹಿಡಿದಿದ್ದೀಯ. ಆರು ವರ್ಷವಾಯಿತಲ್ಲ ಅಕ್ಕ. ಅಪ್ಪ ಸಂಜೆ ಆರಕ್ಕೆ ಹೋದರು, ನಾನು ಊರು ಮುಟ್ಟಿದ್ದು ಮರುದಿನ. ಅಷ್ಟು ಜನರ ಮುಂದೆ ಚಿಕ್ಕಮ್ಮ, ‘ಇವನು ಬೇಕಂತಲೇ ಬರ್ಲಿಲ್ಲ’ ಅಂದಳು. ನೀನು ನನ್ನ ಮುಂದೆ ಬಂದು ನಿಂತೆ. ‘ಸೀಟ್ ಸಿಗದಿದ್ರೆ ಅವನೇನು ರೆಕ್ಕೆ ಕಟ್ಕೊಂಡು ಬರ್ಬೇಕಿತ್ತಾ?’ ಎಂದೆ. ಅವತ್ತಿನಿಂದ ನಿಮ್ಮಿಬ್ಬರಿಗೆ ಮಾತಿಲ್ಲ. ಅಮ್ಮ ಹೋದ ಮೇಲೆ ದಿನಾ ಬೆಳಿಗ್ಗೆ ಸ್ಕೂಲಿಗೆ ಮುಂಚೆ ನಿನಗೆ ಜಡೆ ಹೆಣೆದವಳು ಅವಳು. ಹೋಗಿ ನೋಡಿಕೊಂಡು ಬಾ ಎಂದು ನಾನು ಹೇಳಿದರೆ ನನ್ನದು ದೊಡ್ಡ ಮನಸ್ಸು ಎಂದು ಹೊಗಳುತ್ತೀಯ. ಅದನ್ನು ನನ್ನಿಂದ ತಡೆದುಕೊಳ್ಳಲಾಗುವುದಿಲ್ಲ.

ಭಾವನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡಿ ಎಂದು ನಾನು ಹೇಳಿದೆನೆನ್ನು. ನಿನ್ನ ಮಗಳಿಗೆ ಮಾವನ ಆಶೀರ್ವಾದ, ಪರೀಕ್ಷೆ ಚೆನ್ನಾಗಿ ಬರೆಯಲಿ. ನಿನ್ನ ಹಾರೈಕೆ ನನ್ನ ಮೇಲೆ ಹೀಗೇ ಇರಲಿ ಎಂದು ಕೇಳಲು ಇವತ್ತು ಯಾಕೋ ಬಾಯಿ ಬರುತ್ತಿಲ್ಲ.

ನಿನ್ನ ತಮ್ಮ,
ಮೊದ್ದು

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಬಿಸಿಲಿನ ಮಾತು ಸುಳ್ಳು. ಅಪ್ಪ ಹೋದ ದಿನ ಬೆಳಿಗ್ಗೆ ನೀನು ಫೋನನ್ನು ಅವರ ಬಾಯಿಯ ಹತ್ತಿರ ಹಿಡಿದೆ. ಹಲ್ಲಿನ ಸೆಟ್ ತೆಗೆದಿಟ್ಟಿದ್ದರು. ಅದನ್ನು ಮಾಡಿಕೊಟ್ಟವನು ನಾನೇ, ಆದರೂ ಅದಿಲ್ಲದ ಅವರ ಧ್ವನಿಯನ್ನು ನಾನು ಯಾವತ್ತೂ ಕೇಳಿರಲಿಲ್ಲ. ‘ಬಾರೋ’ ಅಂದರು ಎಂದು ಆಮೇಲೆ ನೀನು ಹೇಳಿದೆ. ನನಗೆ ಬರೀ ಗಾಳಿ ಕೇಳಿಸಿತು. ಹೆದರಿಬಿಟ್ಟೆ ಅಕ್ಕ. ಆ ಮುಖ ನೋಡಲು ನನ್ನಿಂದಾಗದು ಅನ್ನಿಸಿತು.

ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದ ಹುಡುಗಿ, ‘ಒಂದು ಸೀಟಿದೆ ಸರ್. ಹನ್ನೊಂದೂವರೆಗೆ ಹೊರಡತ್ತೆ, ನಾಲ್ಕು ಹತ್ತಕ್ಕೆ ಅಲ್ಲಿರ್ತೀರಿ’ ಎಂದಳು.

‘ನಾಳೆಯದು ಕೊಡಿ’ ಎಂದೆ.

ಹೊರಗಿನ ಬೆಂಚಿನಲ್ಲಿ ಕೂತೆ. ಧೈರ್ಯ ಬಂದಾಗ ಎರಡು ಗಂಟೆ. ಎರಡಕ್ಕೆ ಹೊರಟವನನ್ನು ನಾಲ್ಕು ಹತ್ತಕ್ಕೆ ನಮ್ಮೂರಿಗೆ ಮುಟ್ಟಿಸಬಲ್ಲ ವಿಮಾನ ಈ ಚೂಪು ಮೂಗಿನದೊಂದೇ.

ಚಿಕ್ಕಮ್ಮ ಅಂದದ್ದು ನಿಜ. ಅವಳು ಯಾವ ಮಾತನ್ನೂ ವಾಪಸ್ ತೆಗೆದುಕೊಳ್ಳಬೇಕಿಲ್ಲ. ನನ್ನ ಮೇಲೆ ಸಿಟ್ಟಾಗಲು ನಿನಗೆ ಬೇಕಾದಷ್ಟು ದಿನವಿದೆ, ಅವಳಿಗಿಲ್ಲ. ಈ ಕಾಗದ ಮಡಚಿಟ್ಟು, ಇವತ್ತೇ ಹೋಗು.